ದಾನದ ಮೌಲ್ಯ ಮತ್ತು ದಾನಿಯ ಮನಸ್ಸು

ದಾನ ಮಾಡಿದವನ ಉದ್ದೇಶವನ್ನು ವಿಚಾರಿಸುವುದು ಅನಾವಶ್ಯಕವೆಂದು ವಾದಿಸುವವರುಂಟು. ಹಸಿದವನಿಗೆ ಬೇಕಾದುದು ಅನ್ನವೇ ಹೊರತು ಕೊಟ್ಟವನ ಅಂತಃಕರಣವಲ್ಲ. ಕೀರ್ತಿಗಾಗಿ ಕೊಟ್ಟರೂ ಹೊಟ್ಟೆ ತುಂಬುತ್ತದೆ ಎಂಬುದು ಅವರ ಯುಕ್ತಿ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕೆಂದು ವಿಧಿಸಿತು. ಅಲ್ಲಿ ಕರುಣೆಯ ಪ್ರಶ್ನೆಯೇ ಇಲ್ಲ. ಆದರೂ ಆ ಹಣದಿಂದ ಕಟ್ಟಿದ ಕೊಠಡಿಯಲ್ಲಿ ಮಕ್ಕಳು ಓದಬಲ್ಲರು. ಹಾಗಾದರೆ ಉದ್ದೇಶಶುದ್ಧಿಯ ವಿಚಾರವು ಬರಿಯ ಉಪದೇಶದ ಮಾತೇ?

ಈ ಪ್ರಶ್ನೆಯನ್ನಿಟ್ಟುಕೊಂಡು ವಾಚಕರು ಶೂನ್ಯಸಂಪಾದನೆಯ ಆಯ್ದಕ್ಕಿ ದಂಪತಿಗಳ ಪ್ರಸಂಗವನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳುತ್ತಾಳೆ. ಸಾಮಾನ್ಯವಾಗಿ ನಾವು ಇದನ್ನು ಅಲ್ಪತೃಪ್ತಿಯ ದೃಷ್ಟಾಂತವೆಂದು ಓದಿ ಮುಗಿಸುತ್ತೇವೆ. ಈ ಓದು ಅಪೂರ್ಣ. ಲಕ್ಕಮ್ಮ ಕೇವಲ ಗಂಡನ ಆಸೆಯನ್ನು ಖಂಡಿಸುವುದಿಲ್ಲ. ಈ ಹೆಚ್ಚಳವು ತಂದವನ ಮನಸ್ಸಿನಿಂದ ಬಂದುದೋ, ಬಸವಣ್ಣನವರ ಸಂಶಯದಿಂದ ಬಂದುದೋ ಎಂದು ಎರಡು ಕಡೆಯನ್ನೂ ವಿಚಾರಿಸುತ್ತಾಳೆ.

ಇಲ್ಲಿ ಗಮನಿಸತಕ್ಕ ಅಂಶವಿದು. ಅಕ್ಕಿಯೇನೋ ಅದೇ ಅಕ್ಕಿ. ಫಲವೊಂದೇ ಅಳತೆಗೋಲಾಗಿದ್ದರೆ ಅದನ್ನು ಹಿಂದಿರುಗಿಸಲು ಕಾರಣವೇ ಇರಲಿಲ್ಲ. ಆದರೆ ಕಾಯಕದಿಂದ ಬಂದುದು ಪ್ರಸಾದ; ಕಾಯಕವನ್ನು ಮೀರಿ ಬಂದುದು ಒಬ್ಬನನ್ನು ದಾನಿಯನ್ನಾಗಿಯೂ ಇನ್ನೊಬ್ಬನನ್ನು ಯಾಚಕನನ್ನಾಗಿಯೂ ಮಾಡುತ್ತದೆ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ದಾಸೋಹದಲ್ಲಿ ಕೊಡುವವನೇ ದಾಸ. ಕೊಟ್ಟ ವಸ್ತು ಒಂದೇ ಆದರೂ ಪಡೆದವನ ತಲೆ ತಗ್ಗಿತೋ ನೆಟ್ಟಗೆ ನಿಂತಿತೋ ಎಂಬುದನ್ನು ನಿರ್ಧರಿಸುವುದು ಮನಸ್ಸು.

ಉದ್ದೇಶವು ಒಳಗೇ ಅಡಗಿರುವುದೂ ಇಲ್ಲ. ಏನನ್ನು, ಯಾರಿಗೆ, ಎಷ್ಟು ಕಾಲ ಕೊಡಬೇಕೆಂಬುದನ್ನು ಅದೇ ತೀರ್ಮಾನಿಸುತ್ತದೆ. ಹೆಸರಿಗಾಗಿ ಕೊಡುವವನು ಮಹಾದ್ವಾರ ಕಟ್ಟಿಸಿಯಾನು; ಶಾಲೆಯ ಶೌಚಾಲಯವನ್ನು ವರ್ಷವಿಡೀ ಶುಚಿಯಾಗಿಡುವ ವೆಚ್ಚವನ್ನು ವಹಿಸಲಾರ. ಏಕೆಂದರೆ ಅಲ್ಲಿ ಕಲ್ಲು ನೆಡುವಂತಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ದಿನಸಿಯ ಚೀಲದೊಡನೆ ಬಡವನ ಮುಖವನ್ನೂ ಛಾಯಾಚಿತ್ರದಲ್ಲಿ ಹಿಡಿದು ಹಂಚಿದುದನ್ನು ನಾವೆಲ್ಲ ಕಂಡೆವು. ಹೊಟ್ಟೆ ತುಂಬಿತು, ನಿಜ. ಆದರೆ ಅದಕ್ಕೆ ಬಡವನು ತನ್ನ ಮಾನವನ್ನು ಬೆಲೆಯಾಗಿ ತೆತ್ತನು. ಮಠಗಳೂ ಈ ದೋಷಕ್ಕೆ ಹೊರತಲ್ಲ. ಹೆಚ್ಚು ಕೊಟ್ಟವರಿಗೆ ವೇದಿಕೆಯ ಮೇಲೆ ಶಾಲು, ಹಾರ. ಒಂದು ಸೇರು ಜೋಳ ತಂದ ಕೂಲಿಯ ತಾಯಿಗೆ ಕೊನೆಯ ಸಾಲು. ಈ ಪದ್ಧತಿಯಿಂದ ಕೀರ್ತಿಯ ಆಸೆಯನ್ನು ಬೆಳೆಸುವವರು ನಾವೇ ಆಗುತ್ತೇವೆ.

ಇದರಿಂದ ಮನಸ್ಸು ಶುದ್ಧವಾಗುವವರೆಗೆ ಕೊಡಲೇಬಾರದೆಂದು ಯಾರೂ ಭಾವಿಸಬಾರದು. ಅದು ಜಿಪುಣನ ನೆಪ. ಹಸಿವು ನಮ್ಮ ಚಿತ್ತಶುದ್ಧಿಗಾಗಿ ಕಾದಿರುವುದಿಲ್ಲ. ಕೊಡಿರಿ, ಕೊಡುತ್ತಲೇ ಮನಸ್ಸನ್ನು ತಿದ್ದಿಕೊಳ್ಳಿರಿ. ನನ್ನ ಹೆಸರನ್ನು ಯಾರೂ ಕೂಗದಿದ್ದರೂ ಇದನ್ನು ಕೊಡುತ್ತಿದ್ದೆನೇ? ಪಡೆದವನು ನಾಳೆ ನನ್ನೆದುರು ಸಂಕೋಚವಿಲ್ಲದೆ ನಡೆದುಹೋಗಬಲ್ಲನೇ? ಈ ಎರಡು ಪ್ರಶ್ನೆಗಳನ್ನು ಪ್ರತಿಯೊಬ್ಬ ಭಕ್ತನೂ ಪ್ರತಿಯೊಂದು ಮಠವೂ ಕೇಳಿಕೊಂಡರೆ ದಾನವು ದಾಸೋಹವಾಗುವ ದಾರಿ ತೆರೆದೀತು.