ಹಾಡುವ ಯಂತ್ರದಲ್ಲಿ ಆಟ: ರಾಕ್‌ಬಾಕ್ಸ್ ಕುರಿತು ಒಂದು ವಿಮರ್ಶೆ

ಕಳೆದ ವರ್ಷ ವಿದ್ಯಾರ್ಥಿಗಳನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಕರೆದೊಯ್ದಿದ್ದೆನು. ಪ್ರಣವೇಶ್ವರ ದೇವಾಲಯದ ಬಳಿ ಕದಂಬರ ಸ್ತಂಭಶಾಸನವನ್ನು ವಿವರಿಸುತ್ತಿರುವಾಗ, ಸೊರಬದ ಕಡೆಯ ವಿದ್ಯಾರ್ಥಿಯೊಬ್ಬನು ಬೆಂಕಿಪೊಟ್ಟಣದಷ್ಟಿದ್ದ ಹಳೆಯ ಹಾಡಿನ ಯಂತ್ರವೊಂದನ್ನು ಹಿಡಿದು ಆಟದಲ್ಲಿ ಮಗ್ನನಾಗಿದ್ದನು. ಗದರಿಸಿ ಅದನ್ನು ಕೈಗೆ ತೆಗೆದುಕೊಂಡೆನು. ಅದು ಸ್ಯಾನ್‌ಡಿಸ್ಕ್ ಸಂಸ್ಥೆಯು 2009ರಲ್ಲಿ ಹೊರತಂದ ಅಗ್ಗದ ಯಂತ್ರ, ಸ್ಯಾನ್ಸಾ ಕ್ಲಿಪ್ ಪ್ಲಸ್. ತಯಾರಕರು ಅದರಲ್ಲಿ ಆಟವನ್ನು ಇಟ್ಟಿರಲಿಲ್ಲ. ಅದು ರಾಕ್‌ಬಾಕ್ಸ್ ಎಂಬ ತಂತ್ರಾಂಶದೊಡನೆ ಬಂದಿತ್ತು.

ಇಂತಹ ಕೆಲಸವನ್ನು ಕುರಿತು ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಹುಡುಗರ ಕಿಡಿಗೇಡಿತನ ಎಂಬುದೊಂದು. ಬುದ್ಧಿವಂತರ ಚಮತ್ಕಾರ ಎಂಬುದಿನ್ನೊಂದು. ಇವೆರಡೂ ಅಸಮರ್ಪಕವೆಂಬುದು ನನ್ನ ಅಭಿಪ್ರಾಯ. ವಸ್ತುವೊಂದರ ನಿಜವಾದ ಶಕ್ತಿ ಯಾವುದು, ತಯಾರಕನು ಅದಕ್ಕೆ ವಿಧಿಸಿದ ಕಟ್ಟಳೆ ಯಾವುದು ಎಂಬುದನ್ನು ಬೇರ್ಪಡಿಸಿ ತೋರಿಸುವ ಪರೀಕ್ಷೆಯೇ ಈ ಆಟ.

ರಾಕ್‌ಬಾಕ್ಸ್ ಆರಂಭವಾದದ್ದು 2001ರಲ್ಲಿ. ಸ್ವೀಡನ್ನಿನ ಬ್ಯೋರ್ನ್ ಸ್ಟೆನ್‌ಬರ್ಗ್, ಲೀನಸ್ ನೀಲ್ಸನ್ ಫೆಲ್ಟ್‌ಸಿಂಗ್, ಡೇನಿಯಲ್ ಸ್ಟೆನ್‌ಬರ್ಗ್ ಮೊದಲಾದವರು ಆರ್ಕೋಸ್ ಜೂಕ್‌ಬಾಕ್ಸ್ ಎಂಬ ಯಂತ್ರದ ಮೂಲ ತಂತ್ರಾಂಶದಿಂದ ಅತೃಪ್ತರಾಗಿ ಈ ಕಾರ್ಯಕ್ಕೆ ಕೈಹಾಕಿದರು. ಆ ಯಂತ್ರದ ರಚನೆಯೇ ಅವರಿಗೆ ಅನುಕೂಲವಾಗಿತ್ತು. ಹಾಡನ್ನು ಬಿಡಿಸುವ ಭಾರವನ್ನು ಪ್ರತ್ಯೇಕವಾದೊಂದು ಚಿಪ್ ಹೊತ್ತಿತ್ತು. ಮುಖ್ಯ ಸಂಸ್ಕಾರಕಕ್ಕೆ ಅದಕ್ಕೆ ದತ್ತಾಂಶವನ್ನು ಒದಗಿಸುವುದರ ಹೊರತು ಹೆಚ್ಚಿನ ಕೆಲಸವಿರಲಿಲ್ಲ. ಹಾಡು ನಡೆಯುತ್ತಿರುವಾಗಲೇ ಆಟವನ್ನೂ ನಡೆಸಲು ಸಾಧ್ಯವಾದದ್ದು ಈ ಬಿಡುವಿನಿಂದ. ಯಂತ್ರವು ಎಚ್ಚರಗೊಳ್ಳುವಾಗ ಡಿಸ್ಕಿನಲ್ಲಿದ್ದ ಕಡತವೊಂದನ್ನು ಓದುತ್ತಿತ್ತು. ಆ ಕಡತದ ಸ್ಥಾನದಲ್ಲಿ ತಮ್ಮದನ್ನು ಇರಿಸಿದರೆ ಸಾಕಾಗಿತ್ತು. ಅದನ್ನು ತೆಗೆದೊಡನೆ ಯಂತ್ರವು ಹಿಂದಿನಂತೆಯೇ ಆಗುತ್ತಿತ್ತು. ಇದನ್ನು ವಿಧ್ವಂಸವೆಂದು ಕರೆಯುವುದು ನ್ಯಾಯವಲ್ಲ.

ಆದರೂ ಆಟವು ವಸ್ತುವಿನ ಎಲ್ಲೆಯನ್ನು ಸುಳ್ಳಾಗಿಸದು. 1993ರಲ್ಲಿ ಪ್ರಕಟವಾದ ಡೂಮ್ ಎಂಬ ಆಟಕ್ಕೆ ಗಣಕಯಂತ್ರದಲ್ಲಿ ಕನಿಷ್ಠ 4 ಮೆಗಾಬೈಟ್ ಸ್ಮೃತಿ ಬೇಕಾಗಿತ್ತು. ಆರ್ಕೋಸಿನಲ್ಲಿದ್ದದ್ದು 2 ಮೆಗಾಬೈಟ್ ಮಾತ್ರ. ಆದುದರಿಂದ ಅಲ್ಲಿ ನೆಲೆಯಾದವು ಉಗ್ರಾಣದ ಪೆಟ್ಟಿಗೆಗಳನ್ನು ತಳ್ಳಿ ಗೊತ್ತಾದ ಜಾಗಕ್ಕೆ ಸೇರಿಸುವ ಸೋಕೋಬಾನಿನಂತಹ ಕಿರಿಯ ಆಟಗಳು. ಡೂಮ್ ಬಂದದ್ದು ಐಪಾಡಿನಂತಹ ಹೆಚ್ಚು ಬಲವುಳ್ಳ ಯಂತ್ರಗಳಿಗೆ. ಅದರ ಮೂಲ ಸಂಕೇತವು 1997ರಲ್ಲಿ ಬಹಿರಂಗವಾಗದಿದ್ದರೆ ಅದೂ ದುಸ್ಸಾಧ್ಯವಾಗುತ್ತಿತ್ತು. ಎಂದರೆ, ಯಾವುದು ಬರಲಿಲ್ಲವೆಂಬುದು ಯಂತ್ರದ ಎಲ್ಲೆಯನ್ನು ಹೇಳುತ್ತದೆ. ಯಾವುದು ಬಂದಿತೆಂಬುದು ತಯಾರಕನ ನಿರ್ಧಾರದ ಎಲ್ಲೆಯನ್ನು ಹೇಳುತ್ತದೆ.

ಈ ಪರೀಕ್ಷೆಯ ಫಲ ಆಟದಲ್ಲಿಯೇ ಮುಗಿಯಲಿಲ್ಲ. ಪಟ್ಟಿಯಲ್ಲಿನ ಪದಗಳನ್ನೂ ಕಡತಗಳ ಹೆಸರುಗಳನ್ನೂ ಯಂತ್ರವೇ ಉಚ್ಚರಿಸುವ ವ್ಯವಸ್ಥೆಯನ್ನು ರಾಕ್‌ಬಾಕ್ಸಿನವರು ನಿರ್ಮಿಸಿದರು. ಪರದೆಯನ್ನು ಕಾಣಲಾರದ ಅಂಧರಿಗೆ ಇದರಿಂದಾದ ಉಪಕಾರ ದೊಡ್ಡದು. ಆಟಕ್ಕೆ ಎಡೆಮಾಡಿಕೊಟ್ಟ ಬಾಗಿಲಿನಿಂದಲೇ ಈ ಧ್ವನಿಯೂ ಒಳಬಂದಿತು. ಕಿಡಿಗೇಡಿತನವೆನ್ನುವವರು ಇದಕ್ಕೆ ಉತ್ತರ ಹೇಳಬೇಕು.

ಇನ್ನು ದೋಷಗಳು. ರಾಕ್‌ಬಾಕ್ಸಿನ 4.0 ಆವೃತ್ತಿಯು 2025ರಲ್ಲಿ ಪ್ರಕಟವಾಯಿತು. ಆದರೆ ಅದು ನಡೆಯುವ ಯಂತ್ರಗಳಲ್ಲಿ ಹೆಚ್ಚಿನವುಗಳ ತಯಾರಿಕೆ ಎಂದೋ ನಿಂತಿದೆ. ಅದಕ್ಕಿಂತ ಗುರುತರವಾದದ್ದು ಇನ್ನೊಂದಿದೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಜಾತ್ರೆಯಲ್ಲಿ ನನ್ನ ವಿದ್ಯಾರ್ಥಿದೆಸೆಯಲ್ಲಿ ಕೊಂಡ ಯಂತ್ರಕ್ಕೆ ಹೆಸರೇ ಇರಲಿಲ್ಲ. ಅಂತಹವುಗಳಲ್ಲಿ ಹೊರಗವಚ ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಬೇರೆಯಾಗಿರುತ್ತದೆ. ಒಂದಕ್ಕೆ ಬರೆದ ತಂತ್ರಾಂಶ ಮತ್ತೊಂದಕ್ಕೆ ಒಪ್ಪದು. ಹೀಗೆ ಹೆಸರಾಂತ ಯಂತ್ರಗಳನ್ನು ಕೊಂಡವರಿಗೆ ದೊರೆತ ಸ್ವಾತಂತ್ರ್ಯವು ಅತ್ಯಂತ ಅಗ್ಗದ್ದನ್ನು ಕೊಂಡ ನಮ್ಮ ಕಡೆಯವರಿಗೆ ಬಹುಮಟ್ಟಿಗೆ ದೊರೆಯಲಿಲ್ಲ. ಇದು ರಾಕ್‌ಬಾಕ್ಸಿನ ತಪ್ಪಲ್ಲದಿರಬಹುದು. ಆದರೆ ಅದನ್ನು ಹೊಗಳುವವರು ಮರೆಯುವ ಸಂಗತಿ.

ಚಮತ್ಕಾರವೆನ್ನುವವರಿಗೂ ಒಂದು ಮಾತು ಹೇಳಬೇಕಾಗಿದೆ. ಈ ಕಾರ್ಯದ ಹಿರಿಮೆಯು ಒಬ್ಬನ ಜಾಣ್ಮೆಯಲ್ಲಿಲ್ಲ, ಬರೆದಿಡುವಿಕೆಯಲ್ಲಿದೆ. ಯಾವ ಯಂತ್ರದಲ್ಲಿ ಯಾವ ಚಿಪ್, ಯಾವ ಗುಂಡಿಯ ಸಂಕೇತ ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ಶೋಧಿಸಿ, ಎಲ್ಲರೂ ಓದಬಹುದಾದಂತೆ ದಾಖಲಿಸಿದ್ದರಿಂದಲೇ ಸ್ವೀಡನ್ನಿನಲ್ಲಿ ಮೊದಲಾದ ಕೆಲಸವು ಸೊರಬದ ಹುಡುಗನ ಕೈಗೆ ಬಂದಿತು. ಬಿ. ಎಲ್. ರೈಸ್ ಅವರು ಶಿಕಾರಿಪುರದ ಶಾಸನಗಳನ್ನು 1902ರಲ್ಲಿ, ಸೊರಬದವನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಕಲ್ಲು ಸವೆದರೂ ಪಾಠವು ಉಳಿಯುವುದು ಅಂತಹ ಶ್ರಮದಿಂದ. ಹಂಪೆಯ ಮಂಟಪಗಳ ನೆಲಹಾಸಿನಲ್ಲಿ ಆಟದ ಮನೆಗಳನ್ನು ಕೊರೆದವರ ಹೆಸರನ್ನಾದರೋ ಯಾರೂ ಬರೆದಿಡಲಿಲ್ಲ. ಮಂಟಪವನ್ನು ಜನರು ಹೇಗೆ ಬಳಸಿದರೆಂಬುದಕ್ಕೆ ಆ ಗೀರುಗಳೇ ಸಾಕ್ಷಿಯಾಗಿವೆ. ಯಂತ್ರದ ಮೇಲೆ ಅಂತಹ ಗೀರೂ ಉಳಿಯದು. ವಿದ್ಯುತ್ಕೋಶ ಸತ್ತೊಡನೆ ಸಾಕ್ಷ್ಯವೂ ಸಾಯುತ್ತದೆ.

ಆದುದರಿಂದ ನಮ್ಮ ಎರಡು ತಾಲ್ಲೂಕುಗಳ ವಿದ್ಯಾರ್ಥಿಗಳು ಮನೆಯ ಮೂಲೆಯಲ್ಲಿ ಬಿದ್ದಿರುವ ಇಂತಹ ಯಂತ್ರಗಳನ್ನು ತೆರೆದು, ಚಿಪ್ಪಿನ ಮೇಲಿನ ಅಂಕಿಗಳನ್ನು ನಕಲುಮಾಡಿ, ಕೊಂಡ ವರ್ಷವನ್ನೂ ಬಳಸಿದವರ ಮಾತನ್ನೂ ಬರೆದಿಡಬೇಕು. ತಾಳಗುಂದದಲ್ಲಿ ನಾನು ಗದರಿಸಿದ ವಿದ್ಯಾರ್ಥಿಗೆ ಈ ಕೆಲಸವನ್ನು ಮೊದಲು ಒಪ್ಪಿಸಿದ್ದೇನೆ. ಅವನ ಯಂತ್ರವನ್ನು ಅಂದೇ ಹಿಂದಿರುಗಿಸಿದೆನು.