‘ಎಲ್ಲಾ ಹೋಯ್ತೇನೋ?’: ಮೂರು ಪರದೆಗಳ ವಿಮರ್ಶೆ

ಈ ಸಲ ಪುಸ್ತಕವೂ ಅಲ್ಲ, ಸಿನಿಮಾನೂ ಅಲ್ಲ. ವಿಮರ್ಶೆಗೆ ತಗೊಂಡಿರೋದು ಮೂರು ಸಣ್ಣ ಬರಹಗಳನ್ನು. ನೀವೂ ಓದಿರುತ್ತೀರಿ, ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಲ್ಯಾಪ್‌ಟಾಪ್ ಶುರುವಾಗದೆ ನಿಂತ ರಾತ್ರಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ನಾನು ಅಡಿಲೇಡ್‌ನಲ್ಲಿ ಕೂತು, ಪರ್ತ್‌ನಲ್ಲಿ ಅಕ್ಕನ ಮನೆಯಲ್ಲಿರೋ ಅಮ್ಮನ ಲ್ಯಾಪ್‌ಟಾಪನ್ನು 11ಕ್ಕೆ ಏರಿಸಲು ಹೊರಟೆ. ಮೊದಲು 10ನ್ನೇ ಹೊಸದಾಗಿ ಹಾಕಿಸಿದೆ. ಆಮೇಲೆ, 11ಕ್ಕೆ ಬೇಕಲ್ಲ ಅಂತ, ಅಕ್ಕನಿಗೆ ಫೋನಿನಲ್ಲಿ ಹೇಳಿ ಸೆಕ್ಯೂರ್ ಬೂಟ್ ಆನ್ ಮಾಡಿಸಿದೆ. ಯಂತ್ರ ನಿಂತೇ ಹೋಯಿತು. ಅಮ್ಮ ಕೇಳಿದ್ದು ಒಂದೇ ಮಾತು: ‘ಎಲ್ಲಾ ಹೋಯ್ತೇನೋ?’ ಅವರು ವರ್ಷಗಟ್ಟಲೆ ಕನ್ನಡದಲ್ಲಿ ಟೈಪ್ ಮಾಡಿಟ್ಟ ಅಡುಗೆಗಳು, ಸಂಪ್ರದಾಯದ ಹಾಡುಗಳು, ಅಜ್ಜನ ಬಗ್ಗೆ ಬರೆದ ನಲವತ್ತು ಪುಟ, ಎಲ್ಲಾ ಅದರಲ್ಲೇ ಇದ್ದವು.

ಆ ಪ್ರಶ್ನೆಗೆ ಉತ್ತರ ಕೊಡುತ್ತದೆಯೇ? ಮೂರೂ ಬರಹಗಳಿಗೆ ನಾನು ಹಿಡಿಯುವ ಅಳತೆಗೋಲು ಇದೇ.

ಮೊದಲನೆಯದು, ಪರ್ತ್‌ನಲ್ಲಿ ಕಂಡದ್ದು: ‘ನೋ ಬೂಟಬಲ್ ಡಿವೈಸ್’. ಇದು ವಿಂಡೋಸ್ ಬರೆದದ್ದಲ್ಲ, ಅದಕ್ಕೂ ಮೊದಲು ಏಳುವ ಫರ್ಮ್‌ವೇರ್‌ನದು. ಹಾಗಾಗಿ ನೀವು ವಿಂಡೋಸ್‌ಗೆ ಕನ್ನಡ ಭಾಷಾ ಪ್ಯಾಕ್ ಹಾಕಿದ್ದರೂ ಇಲ್ಲಿ ಇಂಗ್ಲಿಷೇ ಗತಿ. ಓದಿದವರಿಗೆ ಡಿಸ್ಕೇ ಸತ್ತುಹೋಗಿದೆ ಅನ್ನಿಸುತ್ತದೆ. ನಿಜವಾಗಿ ಆದದ್ದೇನು? ಅಮ್ಮನ ಡಿಸ್ಕ್ ಎಂಬಿಆರ್ ಎಂಬ ಹಳೇ ಪದ್ಧತಿಯಲ್ಲಿತ್ತು. ಸೆಕ್ಯೂರ್ ಬೂಟ್ ಆನ್ ಮಾಡಿದಾಗ ಯಂತ್ರ ಯುಇಎಫ್‌ಐ ಎಂಬ ಹೊಸ ಪದ್ಧತಿಗೆ ತಿರುಗಿ, ಅಲ್ಲಿ ಇಲ್ಲದ ಕಡತವನ್ನು ಹುಡುಕಿತು. ಸೆಟ್ಟಿಂಗನ್ನು ಹಿಂದಿನಂತೆ ಮಾಡಿದೆವು, ಶುರುವಾಯಿತು. ಆಮೇಲೆ ವಿಂಡೋಸ್‌ನಲ್ಲೇ ಇರುವ ‘ಎಂಬಿಆರ್-ಟು-ಜಿಪಿಟಿ’ ಸಲಕರಣೆಯಿಂದ, ಕಡತ ಅಳಿಸದೆಯೇ, ಡಿಸ್ಕನ್ನು ಹೊಸ ಪದ್ಧತಿಗೆ ತಂದೆವು. ಅದಕ್ಕೂ ಮೊದಲು ಡಿ ಡ್ರೈವ್‌ನ ಒಂದು ಪ್ರತಿ ಇಟ್ಟುಕೊಂಡಿದ್ದೆವು ಅನ್ನಿ.

ಎರಡನೆಯದು ಬ್ರಿಸ್ಬೇನ್‌ನ ಗೆಳೆಯರ ಮನೆಯದು: ಬಿಟ್‌ಲಾಕರ್‌ನ ನೀಲಿ ಪರದೆ. 48 ಅಂಕಿಯ ಕೀಲಿ ಕೊಡಿ ಅನ್ನುತ್ತದೆ. ‘ನಾವು ಯಾವ ಬೀಗಾನೂ ಹಾಕಿಲ್ಲವಲ್ಲ!’ ಅಂತ ಆಂಟಿ ಗಾಬರಿ. ಹಾಕಿದ್ದು ವಿಂಡೋಸೇ. ಹೊಸದಾಗಿ ಹಾಕಿದ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ, ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದು, ಕೀಲಿ ಆ ಖಾತೆಯಲ್ಲಿ ಕೂರುತ್ತದೆ. ಇನ್‌ಸ್ಟಾಲ್ ಮಾಡಿದ್ದು ಮಗ, ಖಾತೆಯೂ ಮಗನದು. ಆಂಟಿ ತಮ್ಮ ಖಾತೆಯಲ್ಲಿ ಹುಡುಕಿದರೆ ಹೇಗೆ ಸಿಗುತ್ತೆ? ಮಗ ತನ್ನ ಫೋನಿನಲ್ಲೇ ಖಾತೆ ತೆರೆದ, ಕೀಲಿ ಸಿಕ್ಕಿತು. ಈ ಬರಹವನ್ನು ಪೂರಾ ಬೈಯೋಕಾಗಲ್ಲ. 24ಎಚ್2 ಆವೃತ್ತಿಯಿಂದ ಕೀಲಿ ಯಾರ ಖಾತೆಯಲ್ಲಿದೆ ಅಂತ ಸುಳಿವು ಕೊಡುತ್ತಿದೆ. ಮೂರರಲ್ಲಿ ತಿದ್ದಿಕೊಂಡ ಬರಹ ಇದು.

ಮೂರನೆಯದು ಅಡಿಲೇಡ್‌ನ ನನ್ನ ಮೇಜಿನದೇ: ‘ಇನ್ಯಾಕ್ಸೆಸಿಬಲ್ ಬೂಟ್ ಡಿವೈಸ್’. ಇನ್‌ಸ್ಟಾಲ್ ಮುಗಿದ ಮೇಲೆ ಫರ್ಮ್‌ವೇರ್‌ನಲ್ಲಿ ಡಿಸ್ಕಿನ ಮೋಡನ್ನು ರೈಡ್‌ನಿಂದ ಎಎಚ್‌ಸಿಐಗೆ ಬದಲಿಸಿದ್ದೆ. ತಪ್ಪು ನನ್ನದೇ. ಹಿಂದಿನ ಮೋಡ್‌ಗೆ ಮರಳಿದೆ, ಸರಿಹೋಯಿತು. 2025ರಲ್ಲಿ ಈ ಪರದೆಯ ನೀಲಿ ಬಣ್ಣ ಕಪ್ಪಾಯಿತು, ಸಪ್ಪೆ ಮೋರೆ ಹೋಯಿತು. ಕಡತಗಳು ಏನಾದವು ಅಂತ ಮಾತ್ರ ಈಗಲೂ ಹೇಳಲ್ಲ.

ಇಂಥ ಪರದೆಯನ್ನು ನಾವೆಲ್ಲ ಒಟ್ಟಿಗೆ ಓದಿದ ದಿನವೂ ಒಂದಿದೆ: 2024ರ ಜುಲೈ 19. ಕ್ರೌಡ್‌ಸ್ಟ್ರೈಕ್‌ನ ಕೆಟ್ಟ ಅಪ್‌ಡೇಟ್ ಹೊರಬಿದ್ದಾಗ ಪರ್ತ್‌ನಲ್ಲಿ ಮಧ್ಯಾಹ್ನ 12.09, ಅಡಿಲೇಡ್‌ನಲ್ಲಿ 1.39, ಬ್ರಿಸ್ಬೇನ್‌ನಲ್ಲಿ 2.09. ಮೈಕ್ರೋಸಾಫ್ಟ್ ಅಂದಾಜಿನಂತೆ ಜಗತ್ತಿನಲ್ಲಿ 85 ಲಕ್ಷ ಯಂತ್ರಗಳಿಗೆ ಪೆಟ್ಟು ಬಿತ್ತು. ಪರಿಹಾರ ಒಂದು ಕಡತ ತೆಗೆಯೋದಷ್ಟೇ. ಆಫೀಸುಗಳಲ್ಲಿ ಅದನ್ನು ಹೇಳೋಕೆ ಐಟಿಯವರಿದ್ದರು. ಮನೆಯಲ್ಲಿ ಅಮ್ಮನಿಗೆ ಇರೋದು ಆ ಪರದೆ, ಮತ್ತೆ ಫೋನಿನಲ್ಲಿ ನಾವು.

‘ಡಿಸ್ಕಿನಲ್ಲಿ ಏನಿದೆ ಅಂತ ಫರ್ಮ್‌ವೇರ್‌ಗೆ ಗೊತ್ತಿರಲ್ಲ, ಅದು ಹೇಗೆ ಭರವಸೆ ಕೊಡುತ್ತೆ?’ ಅಂತ ನೀವು ಕೇಳಬಹುದು. ಒಪ್ಪುತ್ತೇನೆ. ಆದರೆ ಗೊತ್ತಿರೋದನ್ನಾದರೂ ಹೇಳಬಹುದಲ್ಲ: ‘ಶುರುಮಾಡುವ ಕಡತ ಸಿಗಲಿಲ್ಲ. ನಾನು ಏನನ್ನೂ ಅಳಿಸಿಲ್ಲ. ಯುಎಸ್‌ಬಿ ಸಿಕ್ಕಿಸಿದ್ದರೆ ತೆಗೆಯಿರಿ. ಈಚೆಗೆ ಸೆಟ್ಟಿಂಗ್ ಬದಲಿಸಿದ್ದರೆ ಹಿಂದಿನಂತೆ ಮಾಡಿ.’ ಹೀಗೆ ಬರೆಯದ ಕಾರಣಕ್ಕೆ ಜನ ಗಾಬರಿಯಲ್ಲಿ ಇನ್ನೊಂದು ಸಲ ಇನ್‌ಸ್ಟಾಲ್ ಮಾಡುತ್ತಾರೆ, ಈ ಸಲ ಡಿಸ್ಕನ್ನೆಲ್ಲ ಅಳಿಸಿ. ಮೊದಲ ಸಲ ಉಳಿದಿದ್ದ ಕಡತ ಹೋಗೋದು ಆಗಲೇ. ನನ್ನ ದೊಡ್ಡ ತಕರಾರು ಇದೇ.

ಅಮ್ಮನ ಕತೆ ಇನ್ನೂ ಮುಗಿದಿಲ್ಲ. ಯಂತ್ರ ಶುರುವಾಯಿತು, ಡಿ ಡ್ರೈವ್ ಮುಟ್ಟಿರಲಿಲ್ಲವಾದ್ದರಿಂದ ಕಡತಗಳೂ ಇದ್ದವು. ಅಜ್ಜನ ಕಡತ ತೆರೆದರೆ ಕನ್ನಡವೇ ಇಲ್ಲ! ತಲೆಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಅಮ್ಮ ಬರೆದದ್ದು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ, ಹಳೇ ಫಾಂಟಿನಲ್ಲಿ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸುತ್ತಿದ್ದವು. ವಿಂಡೋಸ್ ಹೊಸದಾಗಿ ಹಾಕಿದಾಗ ಫಾಂಟ್ ಹೋಯಿತು, ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಕಂಡಿತು. ಇದಕ್ಕೆ ಎಚ್ಚರಿಕೆಯ ಪರದೆಯೂ ಬರಲಿಲ್ಲ, ಯಂತ್ರದ ಲೆಕ್ಕದಲ್ಲಿ ಏನೂ ತಪ್ಪಾಗಿರಲಿಲ್ಲ. ನುಡಿ ಫಾಂಟ್ ಮತ್ತೆ ಹಾಕಿದೆವು, ಅಜ್ಜ ವಾಪಸ್ ಬಂದರು. ಈಗ ಒಂದೊಂದೇ ಕಡತವನ್ನು ಯುನಿಕೋಡ್‌ಗೆ ಬದಲಿಸಿ, ಹಳೆಯದನ್ನೂ ಜೊತೆಗೆ ಇಡುತ್ತಿದ್ದೇನೆ.

ನಿಮ್ಮ ಮನೆಯ ಹಳೇ ಲ್ಯಾಪ್‌ಟಾಪ್ ಮುಟ್ಟುವ ಮೊದಲು ಮೂರು ಕೆಲಸ ಮಾಡಿ: ಕಡತಗಳ ಪ್ರತಿ ತೆಗೆದಿಡಿ, ಫಾಂಟುಗಳನ್ನೂ ಸೇರಿಸಿ. ಕೀಲಿ ಯಾರ ಖಾತೆಯಲ್ಲಿದೆ ಅಂತ ಬರೆದಿಡಿ. ಫರ್ಮ್‌ವೇರ್ ಸೆಟ್ಟಿಂಗ್‌ನ ಒಂದು ಫೋಟೋ ಹೊಡೆದುಕೊಳ್ಳಿ. ಅಷ್ಟು ಮಾಡಿದ್ದರೆ, ಆ ಕಡೆಯಿಂದ ಅಮ್ಮ ‘ಎಲ್ಲಾ ಹೋಯ್ತಾ?’ ಅಂದಾಗ ‘ಇಲ್ಲಮ್ಮ, ಇದೆ’ ಅಂತ ನೀವೇ ಹೇಳಬಹುದು.