ಪೆಟ್ಟಿಗೆ ತೆರೆಯದೆ ಬರೆದ ತೀರ್ಪು

ಭಾನುವಾರ ಬೆಳಿಗ್ಗೆ ತುಮಕೂರಿನಿಂದ ಭಾವ ಫೋನ್ ಮಾಡಿದಾಗ ದನಿಯಲ್ಲಿ ಸೂತಕವಿತ್ತು. "ಕಾರು ಹೋಯ್ತು ಕಣಪ್ಪ. ಟೋಟಲ್ ಲಾಸ್ ಅಂತಿದಾರೆ."

ನಾನು ಮೊದಲು ಕೇಳಿದ್ದು ಅಕ್ಕನ ಬಗ್ಗೆ. ಅಕ್ಕ ಒಗ್ಗರಣೆ ಹಾಕುತ್ತಿದ್ದ ಸದ್ದು ಫೋನಿನಲ್ಲೇ ಕೇಳಿಸಿತು. ಯಾರಿಗೂ ಏನೂ ಆಗಿಲ್ಲ. ಮಳೆಯ ರಾತ್ರಿ, ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆದು, ಬಲಗಡೆಯ ಮುಂದಿನ ಚಕ್ರ ಡಿವೈಡರ್ ಹತ್ತಿ ಇಳಿದಿದೆ. ಏರ್‌ಬ್ಯಾಗ್ ಸಹ ಬಿಚ್ಚಿಕೊಂಡಿಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೊಗಳಲ್ಲಿ ಬಂಪರ್ ಜೋತುಬಿದ್ದಿತ್ತು, ಒಂದು ಹೆಡ್‌ಲೈಟ್ ಇರಲಿಲ್ಲ, ಚಕ್ರ ಉಳುಕಿದ ಪಾದದ ಹಾಗೆ ಹೊರಕ್ಕೆ ತಿರುಗಿತ್ತು. ಪೆಟ್ರೋಲ್ ಕಾರಾಗಿದ್ದರೆ ಮೂರು ವಾರದ ಟಿಂಕರಿಂಗ್ ಕೆಲಸ ಎಂದು ಹೇಳಿ ಹೊದ್ದು ಮಲಗುತ್ತಿದ್ದೆ.

ಆದರೆ ಇದು ಎರಡು ವರ್ಷ ನಾಲ್ಕು ತಿಂಗಳ ಎಲೆಕ್ಟ್ರಿಕ್ ಕಾರು. ವರ್ಕ್‌ಶಾಪಿನವರು ಕೊಟ್ಟ ಎಸ್ಟಿಮೇಟ್ 9.44 ಲಕ್ಷ. ಬಂಪರ್, ಲೈಟು, ಸಸ್ಪೆನ್ಷನ್, ಅಲಾಯ್ ವೀಲು, ಪೇಂಟು, ಕೂಲಿ ಎಲ್ಲ ಸೇರಿ 2.6 ಲಕ್ಷ. ಮಿಕ್ಕಿದ್ದು ಒಂದೇ ಸಾಲು: ಬ್ಯಾಟರಿ ಪ್ಯಾಕ್ ಬದಲಾವಣೆ 5.8 ಲಕ್ಷ, ಮೇಲೆ ಜಿಎಸ್‌ಟಿ.

"ಬ್ಯಾಟರಿಗೆ ಏನಾಗಿದೆಯಂತೆ ಭಾವ?"

"ಕೆಳಗೆ ಗೀಚಿದೆಯಂತೆ."

"ಇಳಿಸಿ ನೋಡಿದರಾ?"

"ಅದನ್ನ ಇಳಿಸಿ ನೋಡೋದಿಲ್ಲವಂತೆ. ಬದಲಾಯಿಸೋದೇ ಅಂತೆ."

ಈ ವಾರದ ಬರಹ ಆ ಕೊನೆಯ "ಅಂತೆ"ಯ ಕುರಿತು.

ಟೋಟಲ್ ಲಾಸ್ ಎಂದ ಕೂಡಲೆ ನಮ್ಮ ಕಣ್ಣಮುಂದೆ ಅಪ್ಪಚ್ಚಿಯಾದ ತಗಡು ಬರುತ್ತದೆ. ವಿಮೆಯವರ ಕಣ್ಣಮುಂದೆ ಬರುವುದು ಭಾಗಾಕಾರ. ಕಾರನ್ನು ಎಳೆದು ತಂದು ರಿಪೇರಿ ಮಾಡಿಸುವ ಖರ್ಚು ಪಾಲಿಸಿಯಲ್ಲಿ ಬರೆದ ಐಡಿವಿಯ, ಅಂದರೆ ಕಾರಿನ ಘೋಷಿತ ಬೆಲೆಯ, ಶೇ 75ನ್ನು ದಾಟಿದರೆ ಅದು ಟೋಟಲ್ ಲಾಸ್. ಆ ಐಡಿವಿಯೋ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ಐದನೆಯ ವರ್ಷ ತುಂಬುವ ಹೊತ್ತಿಗೆ ಅರ್ಧ. ಭಾವನ ಕಾರು ಹೊಸದರಲ್ಲಿ ಹದಿನೈದು ಲಕ್ಷ. ಈಗ ಐಡಿವಿ ಹತ್ತೂವರೆ. ಗೆರೆ ಬೀಳುವುದು 7,87,500ಕ್ಕೆ. ಬ್ಯಾಟರಿಯ ಸಾಲು ಸೇರಿದರೆ ಕಾರು ಗೆರೆಯ ಆಚೆ, ಬಿಟ್ಟರೆ ಬಹಳ ಈಚೆ. ಹೀಗೆ ಕಾರಿನ ಆಯುಷ್ಯ ಒಂದೇ ಒಂದು ಸಾಲಿಗೆ ನೇತುಬಿದ್ದಿತ್ತು. ಆ ಸಾಲು ಬರೆದವರು ಬ್ಯಾಟರಿ ಪೆಟ್ಟಿಗೆಯ ತಳವನ್ನು ಟಾರ್ಚ್ ಬಿಟ್ಟು ನೋಡಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

ತೆರಿಗೆಯದ್ದೂ ಒಂದು ತಮಾಷೆ ಇದೆ. ಬ್ಯಾಟರಿ ಕಾರಿನೊಳಗೆ ಕೂತು ಶೋರೂಮಿನಿಂದ ಬಂದಾಗ ಇಡೀ ಕಾರಿಗೆ ಜಿಎಸ್‌ಟಿ ಶೇ 5. ಅದೇ ಲಿಥಿಯಂ ಬ್ಯಾಟರಿ ಬಿಡಿಭಾಗವಾಗಿ ಬಂದರೆ ಶೇ 18. ಭಾವನ ಎಸ್ಟಿಮೇಟಿನಲ್ಲಿ ಈ ವ್ಯತ್ಯಾಸವೇ ಮುಕ್ಕಾಲು ಲಕ್ಷ. ಮದುವಣಗಿತ್ತಿಯ ಜೊತೆ ಬಂದ ಒಡವೆಗೆ ಒಂದು ದರ, ಅಂಗಡಿಯಲ್ಲಿ ಕೊಂಡ ಒಡವೆಗೆ ಇನ್ನೊಂದು!

ವಿಮೆಯ ಈ ಲೆಕ್ಕದ ಬೇರು ಇರುವುದು 2002ರ ಜುಲೈನಲ್ಲಿ ಜಾರಿಗೆ ಬಂದ ಇಂಡಿಯನ್ ಮೋಟಾರ್ ಟ್ಯಾರಿಫ್‌ನಲ್ಲಿ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು, ಏರ್‌ಬ್ಯಾಗ್‌ಗಳ ಸಾಲಿನಲ್ಲೇ ಬ್ಯಾಟರಿಯನ್ನೂ ಕೂರಿಸಿ, ಎಲ್ಲಕ್ಕೂ ಶೇ 50 ಸವಕಳಿ ಕಳೆಯಿರಿ ಎನ್ನುತ್ತದೆ ಅದು. ಬರೆದವರ ಮನಸ್ಸಿನಲ್ಲಿದ್ದದ್ದು ಬಾನೆಟ್ಟಿನಡಿಯ ಹನ್ನೆರಡು ವೋಲ್ಟಿನ ಡಬ್ಬಿ, ಮೂರು ವರ್ಷಕ್ಕೊಮ್ಮೆ ಬದಲಾಯಿಸಿ ಹಳೆಯದನ್ನು ಅಂಗಡಿಯವನಿಗೇ ಕೊಟ್ಟು ಬರುವಂಥದು. ಸವಕಳಿ ಕಳೆಯದ ಝೀರೊ ಡೆಪ್ ವಿಮೆ ಇಲ್ಲದವರು ಇದನ್ನು ಎರಡೆರಡು ಸಲ ಓದಬೇಕು. ಸವಕಳಿ ಕಳೆದ ಮೇಲೆ ಲೆಕ್ಕ ಗೆರೆಯ ಕೆಳಗೆ ಉಳಿದರೆ ಕಾರೂ ನಿಮ್ಮದೇ, ಹೊಸ ಪ್ಯಾಕಿನ ಅರ್ಧ ಬೆಲೆಯೂ ನಿಮ್ಮದೇ.

ಹಾಗೆಂದು 2002ರಲ್ಲಿ ನಮ್ಮಲ್ಲಿ ಎಲೆಕ್ಟ್ರಿಕ್ ಕಾರು ಇರಲಿಲ್ಲವೆಂದಲ್ಲ. ಅದಕ್ಕೆ ಒಂದು ವರ್ಷ ಮೊದಲೇ ಬೆಂಗಳೂರಿನ ಬೊಮ್ಮಸಂದ್ರದಿಂದ ಚೇತನ್ ಮೈನಿಯವರ ರೇವಾ ರಸ್ತೆಗಿಳಿದಿತ್ತು. ಅದರ ಬಗ್ಗೆ ನಕ್ಕವರೇ ಹೆಚ್ಚು. ನನಗೆ ಮಾತ್ರ ಆ ಗೊಂಬೆ ಕಾರಿನ ಮೇಲೆ ಇವತ್ತಿಗೂ ಗೌರವ. ಉಕ್ಕಿನ ಚೌಕಟ್ಟಿನ ಮೇಲೆ ಎಬಿಎಸ್ ಪ್ಲಾಸ್ಟಿಕ್ಕಿನ ಮೈ, ಬಣ್ಣವೂ ಪ್ಲಾಸ್ಟಿಕ್ಕಿನಲ್ಲೇ ಬೆರೆತದ್ದು. ಆಟೊ ತಾಗಿದರೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿತ್ತು. ಮುಂದಿನ ಸೀಟಿನಡಿ ಆರಾರು ವೋಲ್ಟಿನ ಎಂಟು ಸೀಸದ ಬ್ಯಾಟರಿ. ಸೀಟು ಎತ್ತಿದರೆ ಕಣ್ಣೆದುರಿಗೆ, ಸ್ಪ್ಯಾನರ್ ಹಿಡಿದ ಯಾರಾದರೂ ಬಿಚ್ಚಬಹುದಿತ್ತು. ಡಿಕ್ಕಿಯ ಮಟ್ಟಿಗೆ ಅದು ಪಾಪದ ಕಾರು, ನಿಜ. ಲಂಡನ್ನಿನಲ್ಲಿ ಜಿ-ವಿಝ್ ಹೆಸರಿನಲ್ಲಿ ಓಡಾಡುತ್ತಿದ್ದಾಗ 2007ರಲ್ಲಿ ಟಾಪ್ ಗಿಯರ್ ಪತ್ರಿಕೆ ಮಾಡಿಸಿದ ಕ್ರ್ಯಾಶ್ ಪರೀಕ್ಷೆ ಅದರ ಮಾನ ಕಳೆಯಿತು. ಆದರೆ ಅದರ ಹೊಟ್ಟೆಯೊಳಗೆ ಏನಾಗಿದೆ ಎಂದು ತಿಳಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಈಗಿನ ಕಾರಿನಲ್ಲಿ ಅತಿ ಬೆಲೆಬಾಳುವ ಅಂಗ ಅಂಗಾತ ಮಲಗಿಸಿದ ಗಾಡ್ರೇಜ್ ಬೀರುವಿನಂತೆ ನಾಲ್ಕು ಚಕ್ರಗಳ ನಡುವೆ, ನೆಲದಿಂದ ಒಂದು ಗೇಣು ಮೇಲಿದೆ. ಸೀಲು ಮಾಡಿದ ಪೆಟ್ಟಿಗೆ, ಒಳಗೆ ನೂರಾರು ವೋಲ್ಟು. ಸರ್ವೀಸಿನವರ ಹೆದರಿಕೆ ಸುಳ್ಳಲ್ಲ. 2011ರ ಮೇ ತಿಂಗಳಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಷೆವ್ರೊಲೆ ವೋಲ್ಟ್ ಕಾರನ್ನು ಪಕ್ಕದಿಂದ ಕಂಬಕ್ಕೆ ಗುದ್ದಿಸಿ ಪರೀಕ್ಷಿಸಿತು. ಪರೀಕ್ಷೆ ಮುಗಿಯಿತು, ಕಾರನ್ನು ಅಂಗಳದಲ್ಲಿ ನಿಲ್ಲಿಸಿದರು, ಮರೆತರು. ಮೂರು ವಾರವಾದ ಮೇಲೆ ಅದು ತಾನಾಗಿ ಹೊತ್ತಿಕೊಂಡು ಪಕ್ಕದ ಕಾರುಗಳನ್ನೂ ಸುಟ್ಟಿತು. ಪ್ಯಾಕಿಗೆ ಪೆಟ್ಟಾಗಿ ಕೂಲೆಂಟ್ ಸೋರಿತ್ತು. ಸೋರಿದ್ದು ಒಣಗಿ ಉಳಿದ ಪದಾರ್ಥ ನಿಧಾನಕ್ಕೆ ವಿದ್ಯುತ್ತಿಗೆ ದಾರಿ ಮಾಡಿಕೊಟ್ಟಿತ್ತು. ಅಪಘಾತವಾದ ಕಾರನ್ನು ಐವತ್ತು ಅಡಿ ದೂರದಲ್ಲಿ ಒಂಟಿಯಾಗಿ ನಿಲ್ಲಿಸಿ ಎಂಬ ಅಲ್ಲಿನ ಸಲಹೆಯ ಹಿಂದೆ ಇರುವುದು ಇಂಥ ಅನುಭವ. ಪಕ್ಕದಿಂದ ಬಿದ್ದ ಹೊಡೆತಕ್ಕೆ ಬಾಗಿಲಡಿಯ ಸಿಲ್ ಒಳಕ್ಕೆ ನುಗ್ಗಿ ಪೆಟ್ಟಿಗೆಯ ಅಂಚು ಮಡಿಸಿದ್ದರೆ, ಕೂಲೆಂಟ್ ತೊಟ್ಟಿಕ್ಕುತ್ತಿದ್ದರೆ, ತಳ ಕುಳಿಬಿದ್ದು ಒಳಗಿನ ಸೆಲ್‌ಗಳನ್ನು ಮುಟ್ಟಿದ್ದರೆ ನಾನೂ ವಾದಿಸುವುದಿಲ್ಲ. ಆ ಪ್ಯಾಕಿಗೆ ಕೈಮುಗಿದು ಬೀಳ್ಕೊಡಬೇಕು.

ನನ್ನ ತಕರಾರು ಇನ್ನೊಂದು ಬಗೆಯ ಟೋಟಲ್ ಲಾಸಿನ ಮೇಲೆ. 2023ರ ಕೊನೆಯಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಹ್ಯೂಂಡೈ ಐಯಾನಿಕ್ 5 ಸುದ್ದಿಯಾಯಿತು. ಬ್ಯಾಟರಿಯ ತಳದ ಹೊದಿಕೆಗೆ ಗೀರು. ಹೊಸ ಪ್ಯಾಕಿಗೆ ಕೇಳಿದ ಬೆಲೆ ಅರವತ್ತು ಸಾವಿರ ಕೆನಡಿಯನ್ ಡಾಲರ್‌ಗೂ ಮೇಲೆ, ಕಾರು ಕೊಂಡ ಬೆಲೆಗಿಂತ ಹೆಚ್ಚು. ವಿಮೆಯವರು ಕಾರನ್ನು ಕೈಬಿಟ್ಟರು. ಜಗತ್ತಿನಲ್ಲಿ ತಯಾರಕರು ಪ್ಯಾಕಿಗೆ ಕೊಡುವ ಸರಾಸರಿ ಬೆಲೆ ಬ್ಲೂಮ್‌ಬರ್ಗ್‌ಎನ್‌ಇಎಫ್ ಲೆಕ್ಕದಲ್ಲಿ 2024ಕ್ಕೆ ಕಿಲೋವಾಟ್-ಗಂಟೆಗೆ 115 ಡಾಲರ್. ನಲವತ್ತು ಕಿಲೋವಾಟ್-ಗಂಟೆಯ ಪ್ಯಾಕಿಗೆ ನಾಲ್ಕು ಲಕ್ಷ ರೂಪಾಯಿಯ ಆಸುಪಾಸು. ಬೆಲೆ ಇಳಿಯುತ್ತಿದೆ ಎಂಬ ಸಂತೋಷ ಕಾರ್ಖಾನೆಯ ಬಾಗಿಲವರೆಗೆ ಮಾತ್ರ, ಸ್ಪೇರ್ಸ್ ಕೌಂಟರಿನವರೆಗೆ ಅದು ನಡೆದು ಬರುವುದಿಲ್ಲ.

ಸೋಮವಾರ ಭಾವನ ಜೊತೆ ವರ್ಕ್‌ಶಾಪಿಗೆ ಹೋದೆ. ಕಾರನ್ನು ಕಾಂಪೌಂಡಿನ ಮೂಲೆಯಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದರು. ನಾನು ಮುರಿದ ಬಂಪರಿನ ಕಡೆ ನೋಡಲೂ ಇಲ್ಲ. ಇಂಥ ಕಾರಿನಲ್ಲಿ ಕಣ್ಣಿಗೆ ರಾಚುವ ಗಾಯ ಬಹುಪಾಲು ಅಗ್ಗದ್ದು. ರ‍್ಯಾಂಪಿಗೆ ಹಾಕಿಸಿ ತಲೆ ಎತ್ತಿದೆ. ಪೆಟ್ಟಿಗೆಯ ಬಲ ಮೂಲೆಯಲ್ಲಿ ಒಂದು ಬ್ರ್ಯಾಕೆಟ್ ಬಾಗಿತ್ತು. ತಳದ ಕಾಪು ತಗಡಿನ ಮೇಲೆ ಮೊಳಕೈ ಉದ್ದದ ಗೀರು, ಬೆರಳಾಡಿಸಿದರೆ ತಗ್ಗು ಸಿಗಲಿಲ್ಲ. ಕೂಲೆಂಟಿನ ಜಿಡ್ಡಿಲ್ಲ, ವಾಸನೆಯಿಲ್ಲ. ಕೇಸರಿ ಬಣ್ಣದ ಹೈವೋಲ್ಟೇಜ್ ಕೇಬಲ್ಲುಗಳ ಕನೆಕ್ಟರ್‌ಗಳು ಕೂತಲ್ಲೇ ಕೂತಿದ್ದವು.

ಕಣ್ಣಿನ ಸಾಕ್ಷಿ ಸಾಲದು, ಅದು ಒಪ್ಪಿದ ಮಾತು. ಅದಕ್ಕೇ ಇನ್ಸುಲೇಷನ್ ಪರೀಕ್ಷೆ ಇರುವುದು. ಹೈವೋಲ್ಟೇಜ್ ಸರ್ಕಿಟ್ಟಿಗೂ ಕಾರಿನ ಮೈಗೂ ನಡುವೆ ಎಷ್ಟು ಪ್ರತಿರೋಧ ಉಳಿದಿದೆ ಎಂಬುದನ್ನು ಮೆಗರ್ ಹಿಡಿದು ಅಳೆಯುತ್ತಾರೆ. ಡಿಸಿ ಸರ್ಕಿಟ್ಟಿನಲ್ಲಿ ಪ್ರತಿ ವೋಲ್ಟಿಗೆ ಕನಿಷ್ಠ 100 ಓಂ ಎನ್ನುತ್ತದೆ ವಿಶ್ವಸಂಸ್ಥೆಯ ನಿಯಮ. ಮುನ್ನೂರೈವತ್ತು ವೋಲ್ಟಿನ ಪ್ಯಾಕಿಗೆ ಅದು ಬರೀ 35 ಕಿಲೋಓಂ. ಆರೋಗ್ಯವಂತ ಪ್ಯಾಕು ಮೆಗಾಓಂಗಳಲ್ಲಿ ಮಾತಾಡುತ್ತದೆ. ಜೊತೆಗೆ ಸೆಲ್ ಸೆಲ್ಲಿನ ವೋಲ್ಟೇಜ್, ಒಂದಕ್ಕೊಂದರ ಅಂತರ, ಉಷ್ಣತೆ. ಇವೆಲ್ಲ ಸ್ಕ್ಯಾನರಿನಲ್ಲಿ ಸಿಗುತ್ತವೆ. ಒಂದು ಕಿವಿಮಾತು: ನಮ್ಮಲ್ಲಿ ಹೆಚ್ಚಾಗಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳ ವೋಲ್ಟೇಜ್ ಚಾರ್ಜಿನ ನಡುಭಾಗದಲ್ಲಿ ಮೇಜಿನ ಹಾಗೆ ಸಮತಟ್ಟು. ಅರ್ಧ ಚಾರ್ಜಿನಲ್ಲಿ ಎಲ್ಲ ಸೆಲ್ಲೂ ಒಳ್ಳೆಯ ಮಕ್ಕಳಂತೆಯೇ ಕಾಣುತ್ತವೆ. ಯಾವುದು ಹಿಂದೆ ಬಿದ್ದಿದೆ ಎಂದು ತಿಳಿಯಬೇಕಾದರೆ ಚಾರ್ಜ್ ತುದಿ ಮುಟ್ಟುವ ಹೊತ್ತಿಗೆ ನೋಡಬೇಕು.

ಎಲ್ಲ ಪೆಟ್ಟಿಗೆಗಳೂ ಬಿಚ್ಚುವಂಥವಲ್ಲ. ಕೆಲವು ಮಾಡ್ಯೂಲ್‌ಗಳಾಗಿ ಜೋಡಿಸಿದವು, ಕೆಟ್ಟ ಮಾಡ್ಯೂಲ್ ಒಂದನ್ನೇ ತೆಗೆದು ಹೊಸದು ಕೂರಿಸಬಹುದು. ಬಿವೈಡಿಯ ಬ್ಲೇಡ್ ಬ್ಯಾಟರಿಯಲ್ಲಿ ಮಾಡ್ಯೂಲೇ ಇಲ್ಲ. ಸುಮಾರು 96 ಸೆಂಟಿಮೀಟರ್ ಉದ್ದದ ಸೆಲ್‌ಗಳು ಒಂದಕ್ಕೊಂದು ಅಂಟಿಕೊಂಡು ಪೆಟ್ಟಿಗೆಗೆ ತಾವೇ ಬೆನ್ನೆಲುಬಾಗುತ್ತವೆ. ಟೆಸ್ಲಾ ಇನ್ನೂ ಮುಂದೆ ಹೋಗಿ, 4680 ಸೆಲ್ಲಿನ ಮಾಡೆಲ್ ವೈನಲ್ಲಿ ಪ್ಯಾಕಿನ ಮೇಲೇ ಸೀಟು ಕೂರಿಸಿ, ಸೆಲ್‌ಗಳ ನಡುವೆ ಗುಲಾಬಿ ಬಣ್ಣದ ನೊರೆ ತುಂಬಿತು. ಗಟ್ಟಿತನಕ್ಕೆ, ತೂಕ ಇಳಿಸಲು, ಕಾರ್ಖಾನೆಯ ಖರ್ಚಿಗೆ ಇದು ಬಲು ಚೆನ್ನ. ರಿಪೇರಿಯವನಿಗೆ ಮಾತ್ರ ಚಕ್ಕುಲಿಯನ್ನು ಮತ್ತೆ ಹಿಟ್ಟು ಮಾಡು ಅಂದಂತೆ. ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ಜನ ರೇಂಜ್ ಎಷ್ಟು, ಸನ್‌ರೂಫ್ ಇದೆಯಾ ಅಂತ ಕೇಳುತ್ತಾರೆ. ಪ್ಯಾಕು ಬಿಚ್ಚಬಹುದಾ, ತಳದ ತಗಡು ಬೇರೆಯಾಗಿ ಸಿಗುತ್ತಾ ಅಂತ ಕೇಳಿದವರನ್ನು ನಾನು ಕಂಡಿಲ್ಲ.

ವರ್ಕ್‌ಶಾಪಿನ ಮ್ಯಾನೇಜರ್ ಒಳ್ಳೆಯ ಮನುಷ್ಯ. "ಸಾರ್, ಬಿಚ್ಚಿದ ಮೇಲೆ ವಾರಂಟಿ ಯಾರು ಕೊಡ್ತಾರೆ?" ಅಂದರು. ಸರಿಯಾದ ಪ್ರಶ್ನೆ. ಎಂಟು ವರ್ಷ, 1.6 ಲಕ್ಷ ಕಿಲೋಮೀಟರ್ ಎಂದು ಸಾರುವ ವಾರಂಟಿ ಹೊರಗಿನ ಹೊಡೆತಕ್ಕೆ ಒದಗುವುದಿಲ್ಲ, ಹೊರಗಿನವರ ಕೈ ತಾಗಿದರೂ ಒದಗುವುದಿಲ್ಲ. ಪ್ಯಾಕು ಬದಲಾಯಿಸಿದರೆ ಎಲ್ಲರೂ ನಿರಾಳ: ವರ್ಕ್‌ಶಾಪಿಗೆ ಜವಾಬ್ದಾರಿಯಿಲ್ಲ, ಕಂಪನಿಗೆ ಅಪಾಯವಿಲ್ಲ. ಟೋಟಲ್ ಲಾಸ್ ಆದರೆ ಕೊಂಡ ಬೆಲೆಯೇ ಕೈಗೆ ಬರುವ ರಿಟರ್ನ್ ಟು ಇನ್‌ವಾಯ್ಸ್ ವಿಮೆ ಮಾಡಿಸಿದ ಮಾಲೀಕನಂತೂ ಹೊಸ ಕಾರಿನ ಬಣ್ಣ ಆರಿಸುತ್ತಿರುತ್ತಾನೆ. ಟೋಟಲ್ ಲಾಸ್ ಆದ ಕಾರು ಹರಾಜಿಗೆ ಹೋಗುತ್ತದೆ. ಅಲ್ಲಿ ಕೂಗುವವನು ಮಾತ್ರ ಪ್ಯಾಕಿನೊಳಗೆ ಎಷ್ಟು ಜೀವ ಉಳಿದಿದೆ ಎಂದು ಅಂದಾಜು ಮಾಡಿಕೊಂಡೇ ಬಂದಿರುತ್ತಾನೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಎಂಜಿನ್ನಿಗೆ ಬೆಲೆ ಕಟ್ಟುವ ವಿದ್ಯೆಯೇ ಇದು, ಪದಾರ್ಥ ಬೇರೆ. ಹಾಗೆ ಬಿಟ್ಟುಕೊಡುವವರು ಆರ್‌ಸಿಯ ಗತಿ ಏನಾಯಿತೆಂದು ವಿಚಾರಿಸಿಕೊಳ್ಳಲಿ. ವಾಹನ ಮತ್ತೆ ಬಳಸಲಾಗದಂತೆ ಹಾಳಾದರೆ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಾದದ್ದು ಮಾಲೀಕನೇ.

ನಾವು ಕೇಳಿದ್ದು ಒಂದೇ: ಪ್ಯಾಕು ಯಾಕೆ ಬದಲಾಗಬೇಕು ಎಂಬುದನ್ನು ಅಳತೆಯ ಸಮೇತ ಕಾಗದದಲ್ಲಿ ಕೊಡಿ. ಅದನ್ನೇ ವಿಮೆಯ ಸರ್ವೇಯರ್ ಮುಂದೆಯೂ ಇಟ್ಟೆವು. ಅವರು ಹುಬ್ಬು ಗಂಟಿಕ್ಕಿ ಎಸ್ಟಿಮೇಟ್ ಓದಿ, "ರೀಡಿಂಗ್ ಎಲ್ಲಿ?" ಅಂದರು. ರೀಡಿಂಗ್ ಇರಲಿಲ್ಲ. ಹನ್ನೆರಡು ದಿನ ಕಳೆದು ಕಂಪನಿಯ ಕಡೆಯಿಂದ ಹೈವೋಲ್ಟೇಜ್ ತರಬೇತಿ ಪಡೆದ ಹುಡುಗ ಬಂದ. ರಬ್ಬರ್ ಗ್ಲೌಸ್ ತೊಟ್ಟು, ಸರ್ವೀಸ್ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಂಡು, ಪ್ಯಾಕನ್ನು ಮೇಜಿನ ಮೇಲೆ ಇಳಿಸಿದ. ಇನ್ಸುಲೇಷನ್ ಚೆನ್ನಾಗಿತ್ತು. ಸೆಲ್‌ಗಳೂ ಚೆನ್ನಾಗಿದ್ದವು. ಬಾಗಿದ ಬ್ರ್ಯಾಕೆಟ್ ಬೋಲ್ಟ್ ಹಾಕಿದ್ದು, ಬೆಸುಗೆಯದಲ್ಲ. ಕಾಪು ತಗಡು ಬಿಡಿಭಾಗವಾಗಿ ಪಟ್ಟಿಯಲ್ಲೇ ಇತ್ತು, ಯಾರೂ ಹುಡುಕಿರಲಿಲ್ಲ ಅಷ್ಟೆ. ಪ್ಯಾಕು ಕೆಳಗಿದ್ದಾಗಲೇ ಪೇಂಟ್ ಬೂತಿನ ಕೆಲಸವನ್ನೂ ಮುಗಿಸಿದರು. ಬೇಕಿಂಗಿನ ಶಾಖ ಬ್ಯಾಟರಿಗೆ ಒಗ್ಗುವುದಿಲ್ಲ.

ಎರಡು ತಿಂಗಳ ಮೇಲೆ ಕಾರು ಮನೆಗೆ ಬಂತು. ಬಿಲ್ಲು ಮೂರು ಲಕ್ಷಕ್ಕೆ ತುಸು ಒಳಗೆ. ಭಾವ ಈಗ ಪ್ರತಿ ಹಂಪಿನ ಮೇಲೂ ಉಸಿರು ಬಿಗಿಹಿಡಿದು, ಇಳಿದ ಮೇಲೆ ಬಿಡುತ್ತಾರೆ ಎಂದು ಅಕ್ಕ ನಗುತ್ತಾಳೆ. ಮೊನ್ನೆ ಊಟಕ್ಕೆ ಹೋದಾಗ ಭಾವ ದನಿ ತಗ್ಗಿಸಿ ಕೇಳಿದರು, "ಮುಂದೆ ಮಾರೋವಾಗ ಈ ವಿಷಯ ಹೇಳಬೇಕೇನಪ್ಪ?"

"ಹೇಳಲೇಬೇಕು ಭಾವ. ರೀಡಿಂಗ್ ಶೀಟು, ತಳದ ಫೋಟೊ ಎಲ್ಲಿಟ್ಟಿದೀರಿ?"

"ಡ್ಯಾಶ್‌ಬೋರ್ಡ್ ಖಾನೆಯಲ್ಲಿ. ಆರ್‌ಸಿ, ಇನ್ಶೂರೆನ್ಸ್ ಜೊತೆಗೆ."

"ಅಲ್ಲೇ ಇರಲಿ."